ಬೆಳ್ಳಿ ಕಾರಿನ ನಂಬರು

ಗೋಡೆಗೆ ಬಣ್ಣ ಹೊಡೆಸಿದ ಆ ಹರಾಜಿನವನನ್ನು ನೆನೆದರೆ ಕಾರು ರಿಪೇರಿಯ ಮೇಸ್ತ್ರಿಗೆ ಈಗಲೂ ಮೈ ಉರಿಯುತ್ತದೆ. ಬಣ್ಣವೇನೋ ಚೆನ್ನಾಗಿಯೇ ಇತ್ತು, ಹಾಲಿನಂಥ ಬಿಳಿ. ಕೊಳ್ಳಲು ಬರುವ ದೊಡ್ಡ ಮನುಷ್ಯರ ಕಣ್ಣಿಗೆ ಗೋದಾಮು ಲಕ್ಷಣವಾಗಿ ಕಾಣಲಿ ಎಂದು ಅವನು ಎರಡೇ ದಿನದಲ್ಲಿ ನಾಲ್ಕೂ ಗೋಡೆಗೆ ಬಳಿಸಿಬಿಟ್ಟಿದ್ದ. ಮೇಸ್ತ್ರಿ ಆ ಎರಡು ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಮೂರನೆಯ ದಿನ ಬಂದು ಬಾಗಿಲು ತೆರೆದರೆ, ಮೂವತ್ತೊಂದು ವರ್ಷದ ಪೆನ್ಸಿಲ್ ಬರಹ ಮಂಗಮಾಯ.

“ಅಯ್ಯೋ ಪುಣ್ಯಾತ್ಮ, ಅದು ಬರೀ ಗೋಡೆ ಅಂದ್ಕೊಂಡ್ರಾ? ನನ್ನ ತಲೆ ಕಣ್ರೀ ಅದು, ನನ್ನ ತಲೆ!”

“ಏನೇನೋ ಗೀಚಿತ್ತು, ಕೊಳಕಾಗಿ ಕಾಣ್ತಿತ್ತು. ಒಳ್ಳೇದಕ್ಕೇ ಮಾಡಿಸ್ದೆ,” ಎಂದ ಹರಾಜಿನವನು.

“ನಿಮ್ಮ ಒಳ್ಳೇದಕ್ಕಿಷ್ಟು ಬೆಂಕಿ ಹಾಕ!”

ಆ ಗೋದಾಮಿನಲ್ಲಿ ಇದ್ದದ್ದು ನಲವತ್ತೊಂದು ಕಾರು. ಎಲ್ಲವೂ ಇಟಲಿಯಲ್ಲಿ ಹುಟ್ಟಿದ ಹಳೆಯ ಸ್ಪೋರ್ಟ್ಸ್ ಕಾರುಗಳು. ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗು, ಮೂತಿ ಉದ್ದ, ಗಂಟಲು ಜೋರು. ಬೀಗದ ಕಾರ್ಖಾನೆಯ ಯಜಮಾನರು ಆಯುಷ್ಯವೆಲ್ಲ ಹುಡುಕಿ ಹುಡುಕಿ ತಂದು ಕೂಡಿಟ್ಟದ್ದು. ಅವರು ಕಣ್ಣು ಮುಚ್ಚಿ ಹನ್ನೊಂದು ತಿಂಗಳಾಗಿತ್ತು. ಹೆಂಡತಿ ಮೊದಲೇ ಹೋಗಿದ್ದಳು. ಉಳಿದವಳು ಒಬ್ಬಳೇ ಮಗಳು, ಹಲ್ಲಿನ ಡಾಕ್ಟರು. ತನ್ನ ಓಡಾಟಕ್ಕೆ ಅವಳಿಗೊಂದು ಸಾಧಾರಣ ಕಾರಿದೆ, ಅದನ್ನೇ ತಿಂಗಳಿಗೊಮ್ಮೆ ತೊಳೆಸಿದರೆ ಹೆಚ್ಚು. “ಇಲ್ಲಿ ನಿಂತು ತುಕ್ಕು ಹಿಡಿಯೋದಕ್ಕಿಂತ ಓಡಿಸೋರ ಕೈಗೆ ಹೋಗ್ಲಿ ಮಾವ,” ಎಂದಳು. ಚಿಕ್ಕಂದಿನಿಂದ ಅವಳು ಮೇಸ್ತ್ರಿಯನ್ನು ಕರೆಯುವುದೇ ಹಾಗೆ. ಮೇಸ್ತ್ರಿಗೆ ಅದು ಒಪ್ಪಿಗೆಯಾಗಲಿಲ್ಲ. ಆದರೆ ಅವಳ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಒಂದು ಹರಾಜಿನ ಕಂಪನಿಗೆ ಒಪ್ಪಿಸಿದ್ದಾಯಿತು. ಇನ್ನು ನಲವತ್ತೊಂದು ಕಾರು ನಲವತ್ತೊಂದು ದಿಕ್ಕಿಗೆ.

ಈಗ ಆ ಗೋಡೆಯ ಕಥೆಗೆ ಬರೋಣ. ಇಂಥ ಕಾರುಗಳಿಗೆ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಮಾಡಿದವರೇ ಮಾಡುವುದನ್ನು ಬಿಟ್ಟು ಅರ್ಧ ಶತಮಾನವಾಗಿದೆ. ಹಾಗಾಗಿ ಮೇಸ್ತ್ರಿ ನಲವತ್ತೊಂದನ್ನೂ ಒಂದು ಅವಿಭಕ್ತ ಕುಟುಂಬದ ಹಾಗೆ ಸಾಕಿದ್ದ. ಅಣ್ಣನ ಅಂಗಿ ತಮ್ಮನಿಗೆ, ಅತ್ತೆಯ ಚಪ್ಪಲಿ ಸೊಸೆಗೆ. ಯಜಮಾನರು ಭಾನುವಾರ ಹಳದಿ ಕಾರು ಬೇಕೆಂದರೆ ಕೆಂಪಿನ ಕಾರ್ಬುರೇಟರ್ ಬಿಚ್ಚಿ ಹಳದಿಗೆ ಹಾಕುವುದು. ಮುಂದಿನ ವಾರ ಕೆಂಪು ಬೇಕೆಂದರೆ ನೀಲಿಯದು ಕೆಂಪಿಗೆ. ಯಾವುದು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು. ಎಲ್ಲವೂ ಒಂದೇ ಸೂರಿನಡಿ ಇರುವ ತನಕ ಅದರಲ್ಲಿ ತಪ್ಪೇನೂ ಇರಲಿಲ್ಲ. ಈಗ ಮನೆ ಭಾಗವಾಗುತ್ತಿತ್ತು. ಹಳೆಯ ಕಾರು ಕೊಳ್ಳುವವರು ಸಾಮಾನ್ಯ ಜನವಲ್ಲ. ಪ್ರತಿಯೊಂದು ಭಾಗದ ಮೇಲೆ ಕೊರೆದಿರುವ ನಂಬರು ನೋಡುತ್ತಾರೆ. ಕಾರು ಹುಟ್ಟಿದಾಗ ಮೈಮೇಲೆ ಇದ್ದದ್ದೇ ಈಗಲೂ ಇರಬೇಕು. ಅದನ್ನು ನೋಡಿ ಹೇಳಲು ತಪಾಸಣೆಯವರು ಬರಲು ಒಂಬತ್ತು ದಿನ ಉಳಿದಿತ್ತು. ಗೋಡೆ ನೋಡಿದರೆ ಬೆಳ್ಳಗೆ ನಗುತ್ತಿತ್ತು.

ಇದು ಎಲ್ಲರಿಗೂ ಗೊತ್ತಿದ್ದ ಫಜೀತಿ. ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿತ್ತು. ಅದು ಬೆಳ್ಳಿ ಬಣ್ಣದ ಕಾರಿನದು.

ನಲವತ್ತೊಂದರಲ್ಲಿ ಬೆಳ್ಳಿ ಕಾರೇ ಪಟ್ಟದರಸಿ. ಹನ್ನೆರಡು ಸಿಲಿಂಡರಿನ ಎಂಜಿನ್, ಅಂಥವು ಲೋಕದಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು. ಹತ್ತೊಂಬತ್ತು ವರ್ಷದ ಹಿಂದೆ, ಚಳಿಗಾಲಕ್ಕೆ ಮುಂಚೆ, ಮೇಸ್ತ್ರಿ ಎಂದಿನಂತೆ ಎಲ್ಲ ಎಂಜಿನ್ನುಗಳ ನೀರು ಬಸಿಯಲು ನಿಂತ. ರಾತ್ರಿ ನೀರು ಮಂಜುಗಡ್ಡೆಯಾಗುವ ಬೆಟ್ಟದೂರು ಅದು, ಬಸಿಯದಿದ್ದರೆ ಒಳಗೇ ಹೆಪ್ಪುಗಟ್ಟಿ, ಉಬ್ಬಿ, ಲೋಹವನ್ನೇ ಸೀಳುತ್ತದೆ. ಎರಡು ದಿನದ ಕೆಲಸ. “ಒಂದೇ ದಿನಕ್ಕೆ ಎಲ್ಲಾ ಮುಗಿಸ್ತೀನಿ, ನೋಡ್ತಿರು,” ಎಂದು ಕಾವಲುಗಾರನ ಮುಂದೆ ಜಂಬ ಕೊಚ್ಚಿಕೊಂಡಿದ್ದ. ಬೆಳ್ಳಿ ಕಾರಿನ ನಲ್ಲಿ ತಿರುಗಿಸಿದಾಗ ಒಂದಿಷ್ಟು ನೀರು ಸುರಿದು ನಿಂತಿತು. ನಿಂತಿತಲ್ಲ, ಖಾಲಿಯಾಯಿತು ಎಂದುಕೊಂಡ. ನಲ್ಲಿಯ ಬಾಯಿಗೆ ತುಕ್ಕು ಕಟ್ಟಿದರೂ ನೀರು ನಿಲ್ಲುತ್ತದೆ, ಒಂದು ತಂತಿ ತೂರಿಸಿ ನೋಡಬೇಕು ಎನ್ನುವುದು ಅವನೇ ಹತ್ತು ಜನಕ್ಕೆ ಹೇಳಿಕೊಟ್ಟಿದ್ದ ಪಾಠ. ಅವತ್ತು ತೂರಿಸಲಿಲ್ಲ. ಮುಂದಿನ ತಿಂಗಳು ಎಂಜಿನ್ನಿನ ಬ್ಲಾಕು, ಅಂದರೆ ಅದರ ಮೈ ಇದೆಯಲ್ಲ ಅದು, ಮೊಳದುದ್ದ ಬಿರುಕು ಬಿಟ್ಟಿತ್ತು.

ಯಜಮಾನರು ಆಗ ಬೇರೆ ಊರಿನ ಆಸ್ಪತ್ರೆಯಲ್ಲಿ. ಎದೆಯ ಆಪರೇಷನ್ನು, ಎರಡೂವರೆ ತಿಂಗಳು. ಮೇಸ್ತ್ರಿ ನಿದ್ದೆ ಬಿಟ್ಟು ಹುಡುಕಿದ. ಯಾವುದೋ ಅಪಘಾತವಾದ ಕಾರಿನಲ್ಲಿ ಅಂಥದ್ದೇ ಬ್ಲಾಕು ಸಿಕ್ಕಿತು. ಹೆಂಡತಿಯ ಬಳೆ ಹೋಯಿತು. ಬಂದ ಬ್ಲಾಕಿನ ನಂಬರನ್ನು ಉಜ್ಜಿ ಅಳಿಸಿ, ಹಳೆಯದರ ನಂಬರನ್ನು ಒಂದೊಂದೇ ಅಂಕಿಯಾಗಿ, ಅಂಕಿ ಮೂಡಿಸುವ ಉಕ್ಕಿನ ಪಂಚಿನಿಂದ ಬಡಿದು ಕೂರಿಸಿದ. ಒಡೆದದ್ದನ್ನು ಎರಕದವನಿಗೆ ಕೊಟ್ಟು ಕರಗಿಸಿದ. ಯಜಮಾನರು ವಾಪಸ್ ಬಂದು, ಕೀಲಿ ತಿರುಗಿಸಿ, ಕಿವಿಗೊಟ್ಟು ಕೇಳಿ, “ಮುಂಚೆಗಿಂತ ಚೆನ್ನಾಗಿ ಹಾಡ್ತಿದೆ ಕಣೋ!” ಎಂದರು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ಮೇಸ್ತ್ರಿಗೆ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಹತ್ತೊಂಬತ್ತು ವರ್ಷ ಕಳೆದು, ಕೇಳಬೇಕಾದವರೇ ಹೊರಟುಹೋದರು.

ಇದರ ಮೇಲೆ ಹರಾಜಿನವನು ಮಾಡಿದ ಇನ್ನೊಂದು ಉಪಕಾರ ನೋಡಿ. ಕಾರುಗಳ ಬಗ್ಗೆ ಅಚ್ಚು ಹಾಕಿಸಿದ ಪುಸ್ತಕದ ಮೊದಲ ಪುಟದಲ್ಲಿ ಮೇಸ್ತ್ರಿಯ ಫೋಟೋ. ಕೆಳಗೆ, ‘ಮೂವತ್ತೊಂದು ವರ್ಷ, ಒಂದೇ ಕೈ.’ ಜನ ನಲವತ್ತೊಂದು ಕಾರನ್ನು ನಂಬುವುದು ಆ ಕೈಯನ್ನು ನಂಬಿ.

ಒಂಬತ್ತು ದಿನದ ಕೆಲಸಕ್ಕೆ ಡಾಕ್ಟರು ತನ್ನ ಕ್ಲಿನಿಕ್ಕಿಗೆ ಬೀಗ ಹಾಕಿ ಬಂದಳು. ಊರಿಗೆಲ್ಲ ಡಾಕ್ಟರಮ್ಮ, ಮೇಸ್ತ್ರಿಗೆ ಮಾತ್ರ ಇನ್ನೂ ಪುಟ್ಟಿ. ಗೋಡೆ ಹೋದರೇನಂತೆ, ಭಾಗಗಳ ಮೇಲೇ ನಂಬರಿದೆಯಲ್ಲ, ಅದನ್ನೇ ಓದಿ ಒಂದೊಂದು ಕಾರಿನ ಹುಟ್ಟಿನ ಕಾಗದದ ಜೊತೆ ತಾಳೆ ನೋಡೋಣ ಎಂದಳು. ಆ ನಂಬರುಗಳೋ, ಎಂಜಿನ್ನಿನ ಹಿಂದೆ, ಕೊಳವೆಗಳ ಸಂದಿಯಲ್ಲಿ, ದೇವರಿಗೂ ಕಾಣದ ಜಾಗದಲ್ಲಿ. ಅವಳು ಚೀಲದಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದಳು. ಹಣೆಗೆ ದೀಪ ಕಟ್ಟಿಕೊಂಡಳು.

“ಬಾಯಿ ತೆಗೀರಿ,” ಎಂದಳು ಕೆಂಪು ಕಾರಿಗೆ.

ಮೇಸ್ತ್ರಿ ಬಾನೆಟ್ಟು ಎತ್ತಿದ. ನಗು ಬಂತು, ಹಿಂದೆಯೇ ಭಯವೂ ಬಂತು. ಆ ಕನ್ನಡಿ ಹೋಗದ ಸಂದಿಯೇ ಇರಲಿಲ್ಲ.

ದಿನಕ್ಕೆ ಏಳೆಂಟು ಕಾರು. ಅವಳು ಓದುವುದು, ಅವನು ಬರೆದುಕೊಳ್ಳುವುದು. ಮಧ್ಯಾಹ್ನದಿಂದ ಬಿಚ್ಚುವುದು, ಸ್ವಂತ ಮನೆಗೆ ಸೇರಿಸುವುದು. ಹಳದಿಯ ಗೇರ್ ಬಾಕ್ಸು ಹನ್ನೊಂದು ವರ್ಷದಿಂದ ನೀಲಿಯ ಹೊಟ್ಟೆಯಲ್ಲಿತ್ತು. ಹಸಿರಿನ ಡೈನಮೋ ಮೂರು ಮನೆ ಸುತ್ತಿ ಬಂದಿತ್ತು. “ಅಪ್ಪ ಭಾನುವಾರ ಓಡಿಸ್ತಿದ್ದದ್ದು ಯಾವ ಕಾರು ಅಂತ ಅವರಿಗೇ ಗೊತ್ತಿರ್ಲಿಲ್ವಾ ಹಾಗಾದ್ರೆ?” ಎಂದು ನಕ್ಕಳು. “ಬಣ್ಣ ಮಾತ್ರ ಗೊತ್ತಿತ್ತಮ್ಮ,” ಎಂದ ಮೇಸ್ತ್ರಿ. ಅಪ್ಪ ಸತ್ತ ಮೇಲೆ ಅವಳು ಅಷ್ಟು ನಕ್ಕದ್ದನ್ನು ಅವನು ನೋಡಿರಲಿಲ್ಲ. ಒಂದೊಂದು ಕಾರು ತೆರೆದಾಗಲೂ ಅಪ್ಪನ ಒಂದೊಂದು ಕಥೆ ಕೇಳುತ್ತಿದ್ದಳು. ಕೇಳಿ ಕೇಳಿ, ಆಗಾಗ ಕನ್ನಡಿಯನ್ನು ಕೈಯಲ್ಲೇ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದಳು.

ಐದನೆಯ ದಿನಕ್ಕೆ ಮೂವತ್ತೈದು ಮುಗಿದಿದ್ದವು. ಬೆಳ್ಳಿ ಕಾರನ್ನು ಮೇಸ್ತ್ರಿ ಮೂಲೆಗೆ ತಳ್ಳಿ, ಬಟ್ಟೆ ಹೊದಿಸಿಟ್ಟಿದ್ದ.

“ಅದು?”

“ಅದರದ್ದು ಯಾವ ಸಾಮಾನೂ ಬೇರೆದಕ್ಕೆ ಹೋಗಿಲ್ಲ ಪುಟ್ಟಿ. ನೋಡೋದೇ ಬೇಡ. ಮೈಯೆಲ್ಲಾ ಅದರದ್ದೇ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಕೇಳಿದ್ದಕ್ಕಿಂತ ಎರಡು ಮಾತು ಹೆಚ್ಚಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಬುದ್ಧಿ ಎಲ್ಲಿ ಹೋಗುತ್ತದೆ! ಅವಳು ಮಾತ್ರ ತಲೆಯಾಡಿಸಿ ಮುಂದಿನ ಕಾರಿಗೆ ಹೋದಳು.

ಆರನೆಯ ದಿನ ಬೆಳಗ್ಗೆ ಹತ್ತೂವರೆಗೆ ಮೇಸ್ತ್ರಿ ಹೊರಗೆ ಚಹಾ ಕುಡಿದು ಬಂದ. ಒಳಗೆ ಕಾಲಿಟ್ಟವನಿಗೆ ಮೂಲೆಯಲ್ಲಿ ನೆಲದ ಮೇಲೆ ಬಿದ್ದಿದ್ದ ಬಟ್ಟೆ ಮೊದಲು ಕಂಡಿತು. ಆಮೇಲೆ ಕಂಡದ್ದು, ಬೆಳ್ಳಿ ಕಾರಿನ ಎತ್ತಿದ ಬಾನೆಟ್ಟಿನೊಳಗೆ ಸೊಂಟದ ತನಕ ಬಗ್ಗಿದ್ದ ಪುಟ್ಟಿ.

“ಮಾವ, ಬನ್ನಿ ಇಲ್ಲಿ.”

ಹೋದ.

“ಈ ನಂಬರು ಕಾಗದದಲ್ಲಿ ಇರೋದೇ. ಸರಿ ಇದೆ,” ಎಂದಳು. ಮೇಸ್ತ್ರಿ ಉಸಿರು ಬಿಡಬೇಕೆನ್ನುವಷ್ಟರಲ್ಲಿ, “ಆದ್ರೆ ಇದು ಕಟ್ಟಿಸಿದ ಹಲ್ಲು,” ಎಂದಳು.

“ಏನು?”

“ಐದು ದಿನದಿಂದ ಮೂವತ್ತೈದು ಎಂಜಿನ್ ನಂಬರು ಓದಿದೀನಿ. ಎಲ್ಲಾ ಹುಟ್ಟಿದ ಹಲ್ಲಿನ ಥರ, ಒಂದು ಮೇಲೆ, ಒಂದು ಕೆಳಗೆ, ಒಂದು ಸೊಟ್ಟ. ಕಾರ್ಖಾನೆಯಲ್ಲಿ ಯಾರೋ ಗಡಿಬಿಡೀಲಿ ಬಡಿದು ಹೋಗಿದಾನೆ. ಇದೊಂದೇ ನೋಡಿ, ಸಾಲಾಗಿ ಕೂತಿದೆ. ಸ್ಕೇಲು ಇಟ್ಟು ಮಾಡಿದ ಹಾಗೆ. ಅಕ್ಕಪಕ್ಕ ಉಜ್ಜಿದ ಗೆರೆನೂ ಇದೆ. ಇಂಥದ್ದನ್ನ ನಾನು ದಿನಾ ನೋಡ್ತೀನಿ ಮಾವ. ಇದು ಅದರ ಎಂಜಿನ್ ಅಲ್ಲ.”

ಸ್ಕೇಲು ಇಟ್ಟೇ ಮಾಡಿದ್ದ. ಮಾಡುವ ಕಳ್ಳಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಬೇಕೆನ್ನುವ ಹಾಳು ಜಂಬ! ಮೇಸ್ತ್ರಿ ಪಕ್ಕದಲ್ಲಿದ್ದ ಸ್ಪಾನರು ಎತ್ತಿಕೊಂಡ. ಇಗೋ ಬಂತು, ಇನ್ನು ‘ಯಾಕೆ ಮಾಡಿದ್ರಿ’ ಎಂದು ಕೇಳುತ್ತಾಳೆ, ಹೇಳಿಬಿಡುತ್ತೇನೆ, ಪೀಡೆ ತೊಲಗಲಿ ಎಂದುಕೊಂಡ. ಅವಳು ಹಣೆಯ ದೀಪ ಆರಿಸಿದಳು.

“ಅಪ್ಪ ನಿಮ್ಮ ಕೈಯಲ್ಲೇ ಮಾಡಿಸಿದ್ರಾ? ಇಲ್ಲಾ, ಹೊರಗಿನೋರ ಹತ್ರ ಮಾಡಿಸಿದ್ರಾ?”

ಮೇಸ್ತ್ರಿ ಇಂಥ ಪ್ರಶ್ನೆಗೆ ಸಿದ್ಧನಾಗಿರಲಿಲ್ಲ. ಅವಳು ಬಾಗಿಲು ತೆರೆದು ಹಿಡಿದು, ‘ಹೋಗಿ ಮಾವ’ ಎಂದ ಹಾಗಿತ್ತು. ಅವನು ಹೋಗಲೂ ಇಲ್ಲ, ನಿಲ್ಲಲೂ ಇಲ್ಲ. ಸುಮ್ಮನಿದ್ದ. ಮೌನ ಸಮ್ಮತಿ ಲಕ್ಷಣ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

“ಗೊತ್ತಾಯ್ತು ಬಿಡಿ,” ಎಂದಳು. “ನೀವು ಅವರನ್ನ ಬಿಟ್ಟುಕೊಡಲ್ಲ. ಇಷ್ಟು ವರ್ಷ ಉಪ್ಪು ತಿಂದೋರು, ಹೇಗೆ ಹೇಳ್ತೀರಾ. ನನಗೆ ನೋವಾಗುತ್ತೆ ಅಂತಾನೇ ಅಲ್ವಾ ಬಟ್ಟೆ ಹೊದಿಸಿಟ್ಟಿದ್ದು?”

“ಪುಟ್ಟಿ...”

“ಬೇಡ ಮಾವ. ನಿಮ್ಮನ್ನ ಏನೂ ಕೇಳಲ್ಲ.”

ಅವಳು ಗೋದಾಮಿನ ಮೂಲೆಯಲ್ಲಿದ್ದ ಯಜಮಾನರ ಆಫೀಸು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಾಜಿನ ಬಾಗಿಲು. ಒಳಗೆ ಮೇಜಿನ ಹಿಂದೆ ಯಜಮಾನರ ದೊಡ್ಡ ಫೋಟೋ. ಅವಳು ಅದರ ಮುಂದೆ ನಿಂತು, ಬದುಕಿರುವವರ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಿದ್ದಳು. ಮೊದಲು ಮೆಲ್ಲಗೆ. ಆಮೇಲೆ ಗಾಜು ದಾಟಿ ಕೇಳಿಸುವ ಹಾಗೆ. “ನನಗೆ ಒಂದು ಪೆನ್ಸಿಲ್ ಕದ್ದಿದ್ದಕ್ಕೆ ಹೊಡೆದಿದ್ರಲ್ಲಪ್ಪಾ! ನೀವು ಮಾಡಿದ್ದೇನು? ಥೂ!” ಮೇಸ್ತ್ರಿ ಸ್ಪಾನರು ಹಿಡಿದು ನಿಂತೇ ಇದ್ದ. ಐದು ಹೆಜ್ಜೆ ನಡೆದು ಬಾಗಿಲು ತಟ್ಟಿದ್ದರೆ ಸಾಕಿತ್ತು. ತಟ್ಟಲಿಲ್ಲ. ಸಂಜೆ ಅವಳು ಹೋದ ಮೇಲೆ ನೋಡಿದರೆ ಫೋಟೋ ಕೆಳಗಿಳಿದು ಗೋಡೆಗೆ ಮುಖ ಮಾಡಿ ಕೂತಿತ್ತು.

ಮನೆಯಲ್ಲಿ ಹೆಂಡತಿಗೆ ಹೇಳಿದ. ಬಳೆ ಕೊಟ್ಟವಳು, ಅವಳೊಬ್ಬಳಿಗೇ ಎಲ್ಲ ಗೊತ್ತಿತ್ತು.

“ಹಾಗಾದ್ರೆ ಬಚಾವಾದ್ರಿ,” ಎಂದಳು ಅವಳು ತಟ್ಟೆ ಇಡುತ್ತ. “ಸತ್ತೋರು ಎದ್ದು ಬಂದು ಅಲ್ಲ ಅಂತಾರಾ?”

“ನೀನೂ ಹೀಗಂತೀಯಾ?”

“ಮತ್ತೇನನ್ನಲಿ? ಹೇಳೋ ಧೈರ್ಯ ಇದ್ದಿದ್ರೆ ಅಲ್ಲೇ ಹೇಳಿ ಬರ್ತಿದ್ರಿ. ನನ್ನ ಹತ್ರ ಬಂದು ಹೇಳ್ತಿದೀರ ಅಂದ್ರೆ, ಬಿಡಿ ಪರವಾಗಿಲ್ಲ ಅನ್ನಿಸ್ಕೊಳ್ಳೋಕೆ ಬಂದಿದೀರ. ನಾನು ಅನ್ನಲ್ಲ. ಊಟ ಮಾಡಿ.”

ಮೇಸ್ತ್ರಿ ಅನ್ನ ಕಲಸುತ್ತಲೇ ಇದ್ದ. ಹೇಳಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕುತ್ತ ಕೂತ. ಒಂದು ನಂಬರು ಸುಳ್ಳೆಂದಾದರೆ ನಲವತ್ತರ ಮೇಲೂ ಅನುಮಾನ. ಫೋಟೋ ಹಾಕಿಸಿದ ಪುಸ್ತಕ ಹೋದಲ್ಲೆಲ್ಲ ಅವನ ಮಾನವೂ ಹೋಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ, ಇಲ್ಲಿ ಹೋಗುವುದೇ ಆನೆಯಷ್ಟು. ಇದೆಲ್ಲವನ್ನೂ ತಡೆದುಕೊಳ್ಳಬಹುದಿತ್ತು. ಪುಟ್ಟಿ ಇನ್ನೊಮ್ಮೆ ಮಾವ ಎಂದು ಕರೆಯದಿದ್ದರೆ? ಆ ಒಂದು ಯೋಚನೆ ಬಂದಾಗ ಎದ್ದು ಕೈತೊಳೆದ. ಏಳನೆಯ ದಿನ ಹೋಯಿತು, ಎಂಟನೆಯ ದಿನವೂ ಹೋಯಿತು. ಅವಳು ಕೆಲಸ ನಿಲ್ಲಿಸಲಿಲ್ಲ. ಉಳಿದ ಕಾರುಗಳ ನಂಬರನ್ನೂ ಓದಿದಳು. ಆದರೆ ಒಂದು ಕಾರಿನ ಕಥೆಯನ್ನೂ ಕೇಳಲಿಲ್ಲ.

ತಪಾಸಣೆಯವರು ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದರು. ಸಣ್ಣಗಿನ ಮುದುಕರು, ಕುತ್ತಿಗೆಗೆ ದಾರ ಕಟ್ಟಿ ಇಳಿಬಿಟ್ಟ ಭೂತಗನ್ನಡಿ. ಮಾತು ಕಡಿಮೆ. ಮಧ್ಯಾಹ್ನ ಮೂರರ ತನಕ ಕೆಂಪು, ಹಳದಿ, ನೀಲಿ, ಹಸಿರು ಎಲ್ಲವನ್ನೂ ಮೇಸ್ತ್ರಿ ಬರೆದಿಟ್ಟ ಪಟ್ಟಿಯೊಡನೆ ಬೇಗ ಬೇಗ ತಾಳೆ ನೋಡಿ ಮುಗಿಸಿ ಬೆಳ್ಳಿ ಕಾರಿಗೆ ಬಂದರು. ಅರ್ಧ ಗಂಟೆ ಬಗ್ಗಿದರು. ಎದ್ದು ಸೊಂಟ ನೀವಿಕೊಂಡು, “ಚೆನ್ನಾಗಿಟ್ಟಿದೀರ. ಸರಿಯಾಗಿದೆ,” ಎಂದು ಪೆನ್ನು ತೆಗೆದರು.

ಸರಿಯಾಗಿದೆ! ಯಾರೂ ಏನೂ ಹೇಳದಿದ್ದರೆ ಮುಗಿದುಹೋಯಿತು.

“ಒಂದು ನಿಮಿಷ,” ಎಂದಳು ಡಾಕ್ಟರು.

ಹರಾಜಿನವನು ಅವಳ ಕಿವಿಯ ಹತ್ತಿರ ಬಂದು, “ಅವರೇ ಸರಿ ಅಂತಿದಾರಲ್ಲ ಮೇಡಂ,” ಎಂದ.

“ಕೊಳ್ಳೋರಿಗೆ ಮೋಸ ಮಾಡಲ್ಲ ನಾನು. ಆ ಕಾಗದ ತೆಗೀರಿ.”

ಅವನು ಒಲ್ಲದ ಮನಸ್ಸಿನಿಂದ ಒಂದು ಹಾಳೆ ತೆಗೆದ. ಹಿಂದಿನ ದಿನವೇ ಅವಳು ಬರೆಸಿಟ್ಟಿದ್ದಳು. ಈ ಕಾರಿನ ಮೂಲ ಎಂಜಿನ್ನನ್ನು ಬದಲಿಸಿ ನಂಬರನ್ನು ಕೃತಕವಾಗಿ ಮೂಡಿಸಲಾಗಿದೆ, ಇದನ್ನು ಮಾಡಿಸಿದವರು ದಿವಂಗತ ಮಾಲೀಕರು. ಕೆಳಗೆ ಮಗಳ ಸಹಿಗೆ ಜಾಗ, ಪಕ್ಕದಲ್ಲಿ ಸಾಕ್ಷಿಯ ಸಹಿಗೆ ಜಾಗ. ಅವಳು ಹಾಳೆಯನ್ನು ಬೆಳ್ಳಿ ಕಾರಿನ ಮಡ್‌ಗಾರ್ಡಿನ ಮೇಲಿಟ್ಟು ಸಹಿ ಮಾಡಿದಳು. ಕಣ್ಣು ಕೆಂಪಗಿತ್ತು. ಪೆನ್ನನ್ನು ಮೇಸ್ತ್ರಿಯ ಕಡೆ ಚಾಚಿದಳು.

“ಸಾಕ್ಷಿ ನೀವೇ ಮಾವ. ತಪ್ಪು ತಿಳ್ಕೋಬೇಡಿ. ಇದೊಂದು ಸಲ ಅಪ್ಪನ್ನ ಬಿಟ್ಟುಕೊಡಿ.”

ಮೇಸ್ತ್ರಿ ಪೆನ್ನು ತೆಗೆದುಕೊಂಡ. ಮೂರು ದಿನ ಬಾಯಿ ಮುಚ್ಚಿಕೊಂಡಿದ್ದು ಒಂದು ಥರ. ಇದು ಬೇರೆ. ಇಲ್ಲಿ ಕೈಯಾರೆ ಬರೆಯಬೇಕು. ದಿವಂಗತ ಎಂಬ ಮಾತಿನ ಮೇಲೆ ಕಣ್ಣು ನಿಂತಿತು. ಅದೇ ಮಾತಿನ ಕೆಳಗೆ ಅವನ ಹೆಸರು ಬರಬೇಕಿತ್ತು.

“ಇದು ಸುಳ್ಳು,” ಎಂದ.

“ಯಾವುದು?”

“ಯಜಮಾನ್ರು ಮಾಡಿಸಿಲ್ಲ. ಅವರಿಗೆ ಗೊತ್ತೇ ಇರ್ಲಿಲ್ಲ. ಎಂಜಿನ್ ಒಡೆದಿದ್ದು ನಾನು, ಬದಲಾಯಿಸಿದ್ದು ನಾನು, ನಂಬರು ಬಡಿದಿದ್ದೂ ನಾನೇ.”

ಪುಟ್ಟಿ ಅವನ ತೋಳು ಹಿಡಿದುಕೊಂಡಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಅದೇ ಘೋರವಾಗಿತ್ತು.

“ಅವರನ್ನ ಉಳಿಸೋಕೆ ಅಂತ ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ ಮಾವ. ಅಷ್ಟು ದೊಡ್ಡ ಮನುಷ್ಯರಲ್ಲ ಅವರು.”

ನೋಡಿ, ಎಂಥ ಗ್ರಹಚಾರ! ಸುಳ್ಳು ಹೇಳದೆಯೇ ಮೂರು ದಿನ ನಂಬಿಸಿದ್ದ. ಈಗ ನಿಜ ಹೇಳಿದರೆ ನಂಬುವವರಿಲ್ಲ. ಮೇಸ್ತ್ರಿ ತೋಳು ಬಿಡಿಸಿಕೊಂಡು ತನ್ನ ಪೆಟ್ಟಿಗೆಯ ಹತ್ತಿರ ಹೋದ. ಅಡಿಯಿಂದ ಬಟ್ಟೆಯಲ್ಲಿ ಸುತ್ತಿದ ಅಂಕಿಗಳ ಪಂಚು ತೆಗೆದ. ಒಂದು ಅಲ್ಯೂಮಿನಿಯಂ ತುಂಡನ್ನು ಬೆಂಚಿನ ಮೇಲಿಟ್ಟು, ಸ್ಕೇಲು ಹಿಡಿದು, ಬೆಳ್ಳಿ ಕಾರಿನ ನಂಬರನ್ನು ಒಂದೊಂದೇ ಏಟಿಗೆ ಬಡಿದ. ಗೋದಾಮಿನ ತಗಡಿನ ಸೂರು ಪ್ರತಿ ಏಟಿಗೂ ಠಣ್ ಎಂದಿತು. ತುಂಡನ್ನು ಮುದುಕರ ಕೈಯಲ್ಲಿಟ್ಟ. “ಏಳರ ಬುಡ ನೋಡಿ ಸ್ವಾಮಿ. ನನ್ನ ಪಂಚು ಅಲ್ಲಿ ಚೂರು ಮುರಿದಿದೆ.”

ಮುದುಕರು ತುಂಡನ್ನು ನೋಡಿದರು. ಹೋಗಿ ಎಂಜಿನ್ ನೋಡಿದರು. ಮತ್ತೆ ತುಂಡನ್ನು ನೋಡಿದರು. ತಾವು ಸರಿ ಎಂದದ್ದು ನೆನಪಾಯಿತೋ ಏನೋ, ಮುಖ ಸಣ್ಣದಾಯಿತು. “ಇದೇ ಪಂಚು,” ಎಂದರು.

“ಪಂಚು ಇವರದ್ದೇ ಇರ್ಬಹುದು,” ಎಂದು ಹರಾಜಿನವನು ಬಾಯಿ ಹಾಕಿದ. “ಮಾಲೀಕರು ಹೇಳಿದ್ರು, ಇವರು ಮಾಡಿದ್ರು.”

“ಯಾವಾಗ?” ಎಂದಳು ಪುಟ್ಟಿ. ಅವಳು ಕೇಳಿದ್ದು ಮೇಸ್ತ್ರಿಯನ್ನು. “ಯಾವಾಗ ಆಗಿದ್ದು ಇದು?”

“ಅಪ್ಪಂಗೆ ಎದೆ ಆಪರೇಷನ್ ಆಯ್ತಲ್ಲ, ಆ ಚಳಿಗಾಲ. ನಲ್ಲೀಲಿ ತುಕ್ಕು ಕಟ್ಟಿತ್ತು. ನಾನು ತಂತಿ ಹಾಕಿ ನೋಡ್ಲಿಲ್ಲ. ನೀರು ಒಳಗೇ ಉಳಿದು ಎಂಜಿನ್ ಸೀಳ್ಕೊಂಡ್ತು. ನೀವು ಆಸ್ಪತ್ರೆಯಿಂದ ಬರೋಷ್ಟರಲ್ಲಿ ಎಲ್ಲಾ ಮುಗಿಸಿಟ್ಟಿದ್ದೆ.”

ಆ ಎರಡೂವರೆ ತಿಂಗಳು ಅವಳು ಕಾಲೇಜು ಬಿಟ್ಟು ಅಪ್ಪನ ಮಂಚದ ಪಕ್ಕ ಮಲಗಿದ್ದವಳು. ಆ ತುಂಡನ್ನು ಮುದುಕರ ಕೈಯಿಂದ ತೆಗೆದುಕೊಂಡು ನೋಡಿದಳು. ಯೋಚಿಸುತ್ತಿದ್ದಳು. ಮೇಸ್ತ್ರಿಗೆ ಅವಳ ಮುಖ ನೋಡಲಾಗಲಿಲ್ಲ, ನೋಡದಿರಲೂ ಆಗಲಿಲ್ಲ.

“ಪ್ರತಿ ಭಾನುವಾರ ನೀವು ಫೋನ್ ಮಾಡ್ತಿದ್ರಿ,” ಎಂದಳು. “ಅಪ್ಪಂಗೆ ಕೈ ಎತ್ತೋಕೂ ಆಗ್ತಿರ್ಲಿಲ್ಲ. ನಾನೇ ಅವರ ಕಿವಿಗೆ ಹಿಡೀತಿದ್ದೆ. ‘ಎಲ್ಲಾ ಚೆನ್ನಾಗಿವೆ ಯಜಮಾನ್ರೇ, ಬೆಳ್ಳೀನೂ ಚೆನ್ನಾಗಿದೆ, ನೀವು ಆರಾಮಾಗಿ ಬನ್ನಿ.’ ನನಗೂ ಕೇಳಿಸ್ತಿತ್ತು.”

“ಹೂಂ.”

“ಅದನ್ನ ಕೇಳಿ ಅವರು ನಿದ್ದೆ ಮಾಡ್ತಿದ್ರು.”

ಮೇಸ್ತ್ರಿ ತಲೆ ತಗ್ಗಿಸಿದ. ಅವಳು ಸಹಿ ಮಾಡಿದ ಹಾಳೆಯನ್ನು ಮಡ್‌ಗಾರ್ಡಿನ ಮೇಲಿಂದ ಎತ್ತಿ, ಎರಡು ತುಂಡು ಮಾಡಿ, ನಾಲ್ಕು ತುಂಡು ಮಾಡಿ, ಕೋಟಿನ ಜೇಬಿಗೆ ಹಾಕಿಕೊಂಡು ಹೊರಗೆ ಹೋದಳು.

ಬೇರೆ ಹಾಳೆ ಬಂತು. ಅದರಲ್ಲಿ ನಲ್ಲಿ, ತುಕ್ಕು, ತಂತಿ, ಪಂಚು ಎಲ್ಲವನ್ನೂ ಮೇಸ್ತ್ರಿಯೇ ಕೂತು ಬರೆದ, ಒಬ್ಬನೇ ಸಹಿ ಮಾಡಿದ. ಬೆಳ್ಳಿ ಕಾರು ಎಲ್ಲಿಗೆ ಹೋದರೂ ಅದರ ಕಾಗದಗಳ ಜೊತೆ ಅದೂ ಹೋಗುತ್ತದೆ, ಕಾರು ಇರುವ ತನಕ ಇರುತ್ತದೆ. ಮುದುಕರು ಬಿಡಲಿಲ್ಲ. ಮುಗಿಸಿದ್ದ ನಲವತ್ತು ಕಾರುಗಳನ್ನೂ ಮೊದಲಿನಿಂದ ನೋಡಿದರು, ಮತ್ತೆ ಆರು ದಿನ. ಮೇಸ್ತ್ರಿ ಪಕ್ಕದಲ್ಲಿ ನಿಂತು ಟಾರ್ಚು ಹಿಡಿದ. ಒಂದೊಂದು ಭಾಗಕ್ಕೂ ಅವರು ಅವನ ಮುಖ ನೋಡಿ ಆಮೇಲೆ ಭೂತಗನ್ನಡಿ ಇಡುತ್ತಿದ್ದರು. ನಲವತ್ತೂ ಸರಿಯಿದ್ದವು. ಹರಾಜಿನವನು ಪುಸ್ತಕದ ಮೊದಲ ಪುಟ ಹರಿದುಹಾಕಿಸಿ ಬೇರೆ ಅಂಟಿಸಿದ. ಆ ಆರು ದಿನ ಪುಟ್ಟಿ ಒಮ್ಮೆಯೂ ಗೋದಾಮಿಗೆ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ.

ಹರಾಜು ಮುಗಿಯಿತು. ಲಾರಿಗಳು ಬಂದವು. ಕೆಂಪು ಹೋಯಿತು, ಹಳದಿ ಹೋಯಿತು. ಹನ್ನೊಂದು ವರ್ಷ ಒಂದೇ ಗೇರ್ ಬಾಕ್ಸು ಹಂಚಿಕೊಂಡಿದ್ದ ಹಳದಿ, ನೀಲಿ ಬೇರೆ ಬೇರೆ ಲಾರಿಯಲ್ಲಿ, ಬೇರೆ ಬೇರೆ ಬಂದರಿಗೆ. ಬೆಳ್ಳಿ ಕಾರು ಬೇಕೆಂದು ಮೊದಲೇ ಹೇಳಿಟ್ಟಿದ್ದವನು ಬೇಡವೆಂದ. ಇನ್ನೊಬ್ಬ, ಎಂಜಿನ್ ಯಾವುದಾದರೇನು ದನಿ ಚೆನ್ನಾಗಿದೆ ಎಂದು ಒಯ್ದ. ಅದು ಹೋಗುವಾಗ ಮೇಸ್ತ್ರಿ ಲಾರಿಯ ಹಲಗೆ ಎತ್ತಿ ಕೊಂಡಿ ಹಾಕಿದ. ಕಣ್ಣೀರು ಬರುತ್ತದೆ ಎಂದುಕೊಂಡಿದ್ದ, ಬರಲಿಲ್ಲ.

ಕೊನೆಯ ಲಾರಿ ಹೋದದ್ದು ಒಂದು ಬುಧವಾರ, ಊಟದ ಹೊತ್ತಿಗೆ. ಮೇಸ್ತ್ರಿ ಎಣ್ಣೆಯ ಕಲೆಗಳ ಮೇಲೆ ಮರದ ಪುಡಿ ಚೆಲ್ಲಿ ಗುಡಿಸುತ್ತಿದ್ದ. ನಲವತ್ತೊಂದು ಕಲೆ. ಬಾಗಿಲಲ್ಲಿ ಕಾರಿನ ಸದ್ದಾಯಿತು. ತೊಳೆಯದ ಅದೇ ಸಾಧಾರಣ ಕಾರು. ಪುಟ್ಟಿ ಒಳಗೆ ಬಂದು, ಖಾಲಿ ನೆಲವನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಮೇಸ್ತ್ರಿ ಪೊರಕೆ ಗೋಡೆಗೆ ಒರಗಿಸಿ ಕೈ ಒರೆಸಿಕೊಂಡು ನಿಂತ.

“ಎಂಜಿನ್ ಒಡೆದಿದ್ದಕ್ಕೆ ನನಗೆ ಸಿಟ್ಟಿಲ್ಲ,” ಎಂದಳು. “ನಂಬರು ಬಡಿದಿದ್ದಕ್ಕೂ ಇಲ್ಲ. ಹೆದರಿದ್ರಿ, ಮಾಡಿದ್ರಿ. ಅಪ್ಪನೇ ಇದ್ದಿದ್ರೂ ಎರಡು ದಿನ ಕೂಗಾಡಿ ಸುಮ್ಮನಾಗ್ತಿದ್ರು.”

ಅವಳು ಆಫೀಸು ಕೋಣೆಯ ಗಾಜಿನ ಬಾಗಿಲಿನ ಕಡೆ ಕೈ ತೋರಿಸಿದಳು.

“ಆ ಮೂರು ದಿನ. ಅಲ್ಲಿ ಒಳಗೆ ನಿಂತು ನಾನು ಅಪ್ಪನ್ನ ಬೈದೆ. ನೀವು ಹೊರಗೆ ನಿಂತು ಕೇಳಿಸ್ಕೊಂಡ್ರಿ. ಮನೆಗೆ ಹೋಗಿಯೂ ಬೈದೆ. ಬಾಯಿಗೆ ಬಂದ ಹಾಗೆ ಬೈದೆ ಮಾವ, ಹೇಳಬಾರದ್ದೆಲ್ಲ ಹೇಳಿದೆ. ಕಳ್ಳ ಅಂದೆ. ಸತ್ತಿದ್ದೇ ಒಳ್ಳೇದಾಯ್ತು ಅಂದೆ.” ಮೇಸ್ತ್ರಿಯ ಕಡೆ ತಿರುಗಿದಳು. “ಅವರು ಬದುಕಿದ್ದಿದ್ರೆ ಹೋಗಿ ಕಾಲು ಹಿಡ್ಕೋತಿದ್ದೆ. ಈಗ ನಾನು ಅದನ್ನೆಲ್ಲಾ ಯಾರ ಹತ್ರ ಹೋಗಿ ವಾಪಸ್ ತಗೊಳ್ಳಲಿ? ಹೇಳಿ. ನೀವೇ ಹೇಳಿ.”

ಮೇಸ್ತ್ರಿ ಮೂವತ್ತೊಂದು ವರ್ಷದಲ್ಲಿ ಯಾವ ಭಾಗ ಮುರಿದರೂ ಎಲ್ಲಿಂದಲೋ ಒಂದು ತಂದು ಕೂರಿಸಿದ್ದ. ಇದಕ್ಕೆ ಕೂರಿಸುವಂಥದ್ದು ಯಾವುದೂ ಇರಲಿಲ್ಲ.

“ವಾಪಸ್ ತಗೊಳ್ಳೋಕೆ ಆಗಲ್ಲ ಪುಟ್ಟಿ,” ಎಂದ. “ಅಪ್ಪಂಗೆ ಬೈದಿದ್ದನ್ನೆಲ್ಲಾ ನನಗೆ ಬೈ. ಒಂದೂ ಬಿಡಬೇಡ. ಅದು ನನಗೆ ಬರಬೇಕಾಗಿದ್ದು.”

ಅವಳು ಅವನನ್ನೇ ನೋಡಿದಳು. ಆಮೇಲೆ ಶುರು ಮಾಡಿದಳು. ಕಳ್ಳ ಎಂದಳು. ನಾಚಿಕೆಗೆಟ್ಟವನು ಎಂದಳು. ಚಿಕ್ಕಂದಿನಿಂದ ‘ನೀವು’ ಎಂದು ಕರೆದಿದ್ದವಳು ‘ನೀನು’ ಎಂದಳು. ಖಾಲಿ ಗೋದಾಮಿನಲ್ಲಿ ಒಂದೊಂದು ಮಾತೂ ಎರಡೆರಡು ಸಲ ಕೇಳಿಸಿತು. ಮೇಸ್ತ್ರಿ ಕೈ ಕಟ್ಟಿಕೊಂಡು, ತಲೆ ತಗ್ಗಿಸದೆ, ಅವಳ ಮುಖ ನೋಡುತ್ತ, ಕೊನೆಯ ಮಾತಿನ ತನಕ ನಿಂತು ಕೇಳಿದ.